ಎಂಆರ್‌ಐನಲ್ಲಿ ಬೆಳ್ಳಗೆ, ಸಿಟಿಯಲ್ಲಿ ಮಸುಕು: ಮೈಯೊಳಗಿನ ಹೈಡ್ರೋಜೆಲ್ ಪತ್ತೆ ಮಾಡೋದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿದೆ. ಬೇರೆಡೆ ಹರಡಿಲ್ಲ. ಡಾಕ್ಟರ್ ರೇಡಿಯೇಷನ್ ಕೊಡೋಣ ಎಂದಿದ್ದಾರೆ. ಅದಕ್ಕೂ ಮುಂಚೆ ಪ್ರಾಸ್ಟೇಟ್‌ಗೂ ಅದರ ಹಿಂದಿರುವ ಗುದನಾಳಕ್ಕೂ ನಡುವೆ ಒಂದು ಹೈಡ್ರೋಜೆಲ್ ಚುಚ್ಚುತ್ತಾರಂತೆ. ಸ್ಪೇಸರ್ ಅಂತ ಕರೆಯುತ್ತಾರೆ. ಅದು ಕೂತ ಮೇಲೆ ಸಿಟಿ ಸ್ಕ್ಯಾನ್, ಜೊತೆಗೆ ಎಂಆರ್‌ಐ ಕೂಡ ಆಗಬೇಕಂತೆ. ಎರಡೂ ಯಾಕೆ ಎಂದು ಕೇಳಿದೆ. "ಸಿಟಿಯಲ್ಲಿ ಜೆಲ್ ಸರಿಯಾಗಿ ಕಾಣಲ್ಲ" ಎಂದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಮಾತು ಅಲ್ಲಿಗೇ ನಿಂತಿತು.

ಕಿಡ್ನಿಯಲ್ಲಿರುವ ಕಲ್ಲು ಕಾಣುತ್ತೆ, ಗಡ್ಡೆ ಕಾಣುತ್ತೆ. ಬೇಕಂತಲೇ ಒಳಗೆ ಹಾಕಿದ್ದು ಕಾಣಲ್ಲ ಅಂದ್ರೆ ಹೇಗೆ? ಕಾಣದಿದ್ದರೆ ಅದು ಸರಿದಿದೆಯೋ ಕರಗಿದೆಯೋ ಯಾರು ಹೇಳ್ತಾರೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಿರಣಲೆಕ್ಕ

ನಾನು ರೇಡಿಯೇಷನ್ ವಿಭಾಗದಲ್ಲಿ ಫಿಸಿಸಿಸ್ಟ್. ಡಾಕ್ಟರಲ್ಲ, ಆದರೆ ಇದು ನನ್ನ ದಿನದ ಕೆಲಸ. ಚಿಕಿತ್ಸೆ ಬೇಕೋ ಬೇಡವೋ ಎನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ. ಚಿತ್ರದ ವಿಷಯ ನಾನು ಹೇಳುತ್ತೇನೆ.

ಮೊದಲು ಜೆಲ್ ಯಾಕೆ ಅಂತ. ಪ್ರಾಸ್ಟೇಟ್ ಮತ್ತು ಗುದನಾಳ ಅಂಟಿಕೊಂಡಂತೆ ಇರುತ್ತವೆ. ನಡುವೆ ಜಾಗವೇ ಇಲ್ಲ ಎನ್ನುವಷ್ಟು ಹತ್ತಿರ. ಪ್ರಾಸ್ಟೇಟ್‌ಗೆ ಪೂರ್ತಿ ಡೋಸ್ ಕೊಡಲು ಹೋದರೆ ಗುದನಾಳದ ಮುಂದಿನ ಗೋಡೆಗೂ ಬೀಳುತ್ತದೆ. ಮುಂದೆ ರಕ್ತ ಬರೋದು, ಪದೇ ಪದೇ ಹೋಗಬೇಕು ಅನ್ನಿಸೋದು, ಇವೆಲ್ಲ ಅದರಿಂದ. ಜೆಲ್ ಈ ಎರಡನ್ನೂ ಸುಮಾರು ಒಂದು ಸೆಂಟಿಮೀಟರ್ ದೂರ ಮಾಡುತ್ತದೆ.

ಸ್ಪೇಸ್‌ಓಎಆರ್ ಎಂಬ ಜೆಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು 222 ಗಂಡಸರ ಮೇಲೆ ಅಲ್ಲಿ ಒಂದು ಟ್ರಯಲ್ ನಡೆದಿತ್ತು. 149 ಜನಕ್ಕೆ ಜೆಲ್, 73 ಜನಕ್ಕೆ ಇಲ್ಲ. ಜೆಲ್ ಹಾಕಿದವರಲ್ಲಿ ಸರಾಸರಿ 12.6 ಮಿಲಿಮೀಟರ್ ಅಂತರ ಸಿಕ್ಕಿತು. ಗುದನಾಳದಲ್ಲಿ 70 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ) ಅಥವಾ ಅದಕ್ಕಿಂತ ಜಾಸ್ತಿ ಡೋಸ್ ಬೀಳುವ ಭಾಗ ಶೇ. 12.4ರಿಂದ 3.3ಕ್ಕೆ ಇಳಿಯಿತು. ಮೂರು ವರ್ಷದ ನಂತರ ಗುದನಾಳದ ತೊಂದರೆ ಕಂಡವರು ಜೆಲ್ ಇಲ್ಲದ ಗುಂಪಿನಲ್ಲಿ ಶೇ. 9.2, ಜೆಲ್ ಇದ್ದ ಗುಂಪಿನಲ್ಲಿ ಶೇ. 2.0. ಇದರಲ್ಲಿ ಸಣ್ಣಪುಟ್ಟ ತೊಂದರೆಯೂ ಸೇರಿದೆ, ಹಾಗಾಗಿ ಅಂಕಿ ನೋಡಿ ಹೆದರಬೇಡಿ.

ಈಗ ನಿಮ್ಮ ಪ್ರಶ್ನೆ. ಸಿಟಿ ಎಂದರೆ ಎಕ್ಸ್‌ರೇ. ಎಷ್ಟು ಕಿರಣ ಒಳಗೇ ತಡೆದು ನಿಂತಿತು ಎಂದಷ್ಟೇ ಅದಕ್ಕೆ ಗೊತ್ತು. ಅಳತೆಗೆ ಹೌನ್ಸ್‌ಫೀಲ್ಡ್ ಎಂಬ ಮಾಪನ ಇದೆ. ನೀರಿಗೆ 0. ಕೊಬ್ಬಿಗೆ ಸುಮಾರು ಮೈನಸ್ 100. ಮಾಂಸಖಂಡಕ್ಕೆ 50ರ ಆಸುಪಾಸು. ಮೂಳೆಗೆ ನೂರಾರು. ಕಲ್ಲು ಕಾಣೋದು ಅದರಲ್ಲಿ ಕ್ಯಾಲ್ಸಿಯಂ ಇರುವುದರಿಂದ. ಈ ಜೆಲ್‌ನಲ್ಲಿ ಇರೋದು ಪಿಇಜಿ ಎಂಬ ಪಾಲಿಮರ್‌ನ ತೆಳ್ಳನೆ ಬಲೆ, ಉಳಿದಿದ್ದೆಲ್ಲ ನೀರು. ಅದರ ಅಳತೆ ನೀರಿಗೆ ಹತ್ತಿರ ಬರುತ್ತದೆ. ಸುತ್ತಲಿನ ಅಂಗಾಂಶವೂ ಅದಕ್ಕಿಂತ ತುಂಬಾ ದೂರ ಇಲ್ಲ. ಚಿತ್ರದಲ್ಲಿ ಬೂದು ಪಕ್ಕ ಬೂದು. ಅಂಚು ಎಲ್ಲಿ ಅಂತ ಗೆರೆ ಎಳೆಯೋಕೆ ಹೋದರೆ ಇಬ್ಬರು ಎರಡು ರೀತಿ ಎಳೆಯುತ್ತಾರೆ.

ಎಂಆರ್‌ಐ ಹಾಗಲ್ಲ. ಅದು ನೋಡೋದು ನೀರಿನಲ್ಲಿರುವ ಹೈಡ್ರೋಜನ್ನನ್ನ. ನೀರು ಎಷ್ಟಿದೆ ಅನ್ನೋದಷ್ಟೇ ಅಲ್ಲ, ಆ ನೀರು ಎಷ್ಟು ಸಲೀಸಾಗಿ ಓಡಾಡುತ್ತಿದೆ ಅನ್ನೋದೂ ಅದಕ್ಕೆ ತಿಳಿಯುತ್ತದೆ. ಮಾಂಸಖಂಡದ ನೀರು ಪ್ರೋಟೀನ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಅದರ ಸಿಗ್ನಲ್ ಬೇಗ ಆರಿಹೋಗುತ್ತದೆ. ಜೆಲ್‌ನ ನೀರಿಗೆ ಬಲೆಯೊಳಗೆ ಬೇಕಾದಷ್ಟು ಜಾಗ ಇದೆ, ಸಿಗ್ನಲ್ ಜಾಸ್ತಿ ಹೊತ್ತು ಉಳಿಯುತ್ತದೆ. ಟಿ2 ಎಂಬ ಬಗೆಯ ಚಿತ್ರ ತೆಗೆದರೆ ಜೆಲ್ ಬೆಳ್ಳಗೆ ಹೊಳೆಯುತ್ತದೆ. ಪ್ರಾಸ್ಟೇಟ್ ಹಿಂದೆ ಬಿಳಿ ತೇಪೆ ಹಾಕಿದ ಹಾಗೆ.

ಹಾಗಾದರೆ ಬರೀ ಎಂಆರ್‌ಐ ಸಾಕಲ್ವಾ ಎನ್ನಬಹುದು. ಡೋಸ್ ಲೆಕ್ಕಕ್ಕೆ ಪ್ರತಿ ಜಾಗದಲ್ಲಿ ಕಿರಣ ಎಷ್ಟು ತಡೆಯುತ್ತದೆ ಎಂಬ ಸಂಖ್ಯೆ ಬೇಕು. ಅದು ನೇರವಾಗಿ ಸಿಗೋದು ಸಿಟಿಯಿಂದ. ಅದಕ್ಕೇ ಎರಡನ್ನೂ ತೆಗೆದು ಒಂದರ ಮೇಲೊಂದು ಕೂರಿಸುತ್ತೇವೆ. ಜೆಲ್‌ನ ಗಡಿ ಎಂಆರ್‌ಐನಿಂದ, ಲೆಕ್ಕ ಸಿಟಿಯಿಂದ.

ಅಡಿಕೆತೋಟ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಬೇಸಿಗೆಯಲ್ಲಿ ತೇವ ಹಿಡಿಯಲಿ ಎಂದು ಗಿಡದ ಬುಡಕ್ಕೆ ಹಾಕೋ ಪೂಸಾ ಹೈಡ್ರೋಜೆಲ್ ಇದೇನಾ? ಹೆಸರು ಒಂದೇ ಇದೆಯಲ್ಲ.

ಪಾಲಿಮರ್‌ಪುಟ್ಟಿ

ಜಾತಿ ಒಂದೇ, ಮನೆ ಬೇರೆ ಸರ್. ನೀರು ಹೀರಿ ಹಿಡಿದಿಟ್ಟುಕೊಳ್ಳುವ ಪಾಲಿಮರ್ ಬಲೆ ಯಾವುದಾದರೂ ಹೈಡ್ರೋಜೆಲ್ಲೇ. ಕಾಮಕಸ್ತೂರಿ ಬೀಜ ನೆನೆಸಿದರೆ ಸುತ್ತ ಲೋಳೆ ಬರುತ್ತಲ್ಲ, ಅದೂ ಹೈಡ್ರೋಜೆಲ್. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರ ಪೂಸಾ ಜೆಲ್ ಸೆಲ್ಯುಲೋಸ್ ಆಧರಿಸಿದ್ದು. ಮಣ್ಣಿಗೆ ಮಾತ್ರ. ವೈದ್ಯಕೀಯಕ್ಕೆ ಹೈಡ್ರೋಜೆಲ್ ಬಂದಿದ್ದು ಕಣ್ಣಿನ ದಾರಿಯಿಂದ. ಪ್ರಾಗ್‌ನ ಒಟ್ಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್ ಎಂಬ ರಸಾಯನ ವಿಜ್ಞಾನಿಗಳು 1960ರಲ್ಲಿ ಇದರ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಮೃದು ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಅಲ್ಲಿಂದ.

ಖರ್ಚೆಷ್ಟು

ಎಲ್ಲಾ ಸರಿ. ಆದ್ರೆ ಪೇಷಂಟ್ ಜೇಬಿನಿಂದ ಎರಡೆರಡು ಸ್ಕ್ಯಾನ್ ಯಾಕೆ? ಸಿಟಿಯಲ್ಲಿ ಕಾಣುವ ಹಾಗೆ ಜೆಲ್‌ಗೇ ಏನಾದ್ರೂ ಬೆರೆಸಿದ್ರೆ ಮುಗೀತಲ್ಲ. ಇಷ್ಟು ಸಣ್ಣ ವಿಷಯ ಕಂಪನಿಯವರಿಗೆ ಹೊಳೆಯಲಿಲ್ವಾ?

ಕಿರಣಲೆಕ್ಕ

ಹೊಳೆದಿದೆ, ಮಾಡಿಯೂ ಆಗಿದೆ. ಅದೇ ಜೆಲ್‌ನ ಇನ್ನೊಂದು ರೂಪ ಇದೆ, ಸ್ಪೇಸ್‌ಓಎಆರ್ ವ್ಯೂ. ಅದರಲ್ಲಿ ಅಯೋಡಿನ್ನನ್ನು ಪಾಲಿಮರ್‌ಗೇ ರಾಸಾಯನಿಕವಾಗಿ ಕಟ್ಟಿದ್ದಾರೆ. ಅಯೋಡಿನ್ ಭಾರದ ಪರಮಾಣು, ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಸಿಟಿಯಲ್ಲೇ ಬೆಳ್ಳಗೆ ಕಾಣುತ್ತದೆ. ಹಳೇ ಪೇಸ್‌ಮೇಕರ್ ಇದ್ದು ಎಂಆರ್‌ಐ ಮಾಡಲಾಗದವರಿಗೆ ಇದು ನಿಜಕ್ಕೂ ಉಪಕಾರ. ಆದರೆ ಪ್ರಾಸ್ಟೇಟ್‌ನ ಗಡಿ ಎಂಆರ್‌ಐನಲ್ಲೇ ಚೆನ್ನಾಗಿ ಕಾಣೋದು. ಜೆಲ್ ಕಂಡಿತು ಎಂದ ಮಾತ್ರಕ್ಕೆ ಎಂಆರ್‌ಐ ಬೇಡ ಎಂದು ನಾನಂತೂ ಹೇಳಲಾರೆ.

ಪಾಲಿಮರ್‌ಪುಟ್ಟಿ

"ಏನಾದ್ರೂ ಬೆರೆಸಿದ್ರೆ ಮುಗೀತಲ್ಲ" ಎಂದಿರಿ ನೋಡಿ, ನಮ್ಮ ಲ್ಯಾಬಿನಲ್ಲಿ ಅರ್ಧ ಜಗಳ ಅದರ ಮೇಲೇ. ನಾನು ಚುಚ್ಚುವ ಜೆಲ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಔಷಧ ತುಂಬಿದ ಜೆಲ್, ಇಲಿಯ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ ಅನ್ನೋದು ಪ್ರಶ್ನೆ. ಹಳೇ ಪದ್ಧತಿ ಏನೆಂದರೆ ಹತ್ತಾರು ಇಲಿಗಳಿಗೆ ಚುಚ್ಚಿ, ವಾರಕ್ಕೆ ಇಷ್ಟು ಎಂದು ಕೊಯ್ದು ಉಳಿದ ಜೆಲ್ ತೂಗೋದು. ಚಿತ್ರ ತೆಗೆದರೆ ಅದೇ ಇಲಿಯನ್ನು ಮತ್ತೆ ಮತ್ತೆ ನೋಡಬಹುದು. ಇಲಿಯೂ ಉಳಿಯುತ್ತೆ, ಲೆಕ್ಕವೂ ಚೊಕ್ಕ.

ತೊಂದರೆ ಇರೋದು ಇಲ್ಲಿ. ಜೆಲ್‌ಗೆ ಗುರುತು ಹಾಕಿದರೆ ಚಿತ್ರದಲ್ಲಿ ಕಾಣೋದು ಆ ಗುರುತು. ಜೆಲ್ ಅಲ್ಲ. ಎರಡೂ ಒಟ್ಟಿಗೇ ಇವೆ ಎಂದು ನಾವು ನಂಬಿಕೊಂಡಿರುತ್ತೇವೆ, ಅಷ್ಟೇ.

ಗ್ಯಾಡೋಲಿನಿಯಂ ಗೊತ್ತಲ್ಲ, ಎಂಆರ್‌ಐಗೆ ಕೈಗೆ ಚುಚ್ಚುವ ಕಾಂಟ್ರಾಸ್ಟ್. ಅದರ ಸಣ್ಣ ಅಣುವನ್ನು ಸುಮ್ನೆ ಜೆಲ್‌ನಲ್ಲಿ ಕಲಸಿದರೆ ಬಲೆಯ ತೂತಿನಿಂದ ನುಸುಳಿ ಹೊರಗೆ ಹೋಗುತ್ತದೆ. ಚಿತ್ರ ಕಪ್ಪಾಗುತ್ತದೆ. ಜೆಲ್ ಕರಗಿತು ಎಂದು ಬರೆದುಕೊಳ್ಳುತ್ತೀರಿ. ಆದರೆ ಜೆಲ್ ಅಲ್ಲೇ ಕೂತಿರುತ್ತದೆ. ಐರನ್ ಆಕ್ಸೈಡ್ ಕಣ ಹಾಕಿದರೆ ಇದರ ತಿರುವುಮುರುವು. ಜೆಲ್ ಕರಗಿ ಹೋದ ಮೇಲೂ ಆ ಕಣಗಳನ್ನು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ನುಂಗಿ ಅಲ್ಲೇ ಕೂರುತ್ತವೆ. ಚಿತ್ರದಲ್ಲಿ ಕಪ್ಪು ಚುಕ್ಕೆ ಹಾಗೇ ಇರುತ್ತದೆ. ಜೆಲ್ ಇನ್ನೂ ಇದೆ ಎನ್ನುತ್ತೀರಿ. ಇಲ್ಲ! ಅದರ ಮೇಲೆ ಐರನ್‌ನ ಕಪ್ಪು ಚುಕ್ಕೆ ಹಳೇ ರಕ್ತದ ಕಲೆಯ ಹಾಗೂ ಕಾಣುತ್ತೆ, ಗಾಳಿಯ ಗುಳ್ಳೆ ಹಾಗೂ ಕಾಣುತ್ತೆ.

ಹೊಳೆಯುವ ಬಣ್ಣ ಹಾಕಿ ಕ್ಯಾಮೆರಾದಲ್ಲಿ ನೋಡೋದು ಅಗ್ಗ. ಆದರೆ ಬೆಳಕು ಮಾಂಸದೊಳಗೆ ಚದುರಿಹೋಗುತ್ತದೆ. ಇಲಿ ಸಣ್ಣದು, ಅದಕ್ಕೆ ನಡೆಯುತ್ತೆ. ಮನುಷ್ಯನ ಹೊಟ್ಟೆಯ ಆಳಕ್ಕೆ ನಡೆಯಲ್ಲ. ವಿಕಿರಣ ಗುರುತು ಹಾಕಿ ಪೆಟ್ ಸ್ಕ್ಯಾನ್ ಮಾಡಿದರೆ ಆಳದ ಚಿಂತೆ ಇಲ್ಲ, ಆದರೆ ಗಡಿಯಾರದ ಚಿಂತೆ. ಫ್ಲೋರಿನ್-18 ಅರ್ಧಕ್ಕೆ ಇಳಿಯಲು 110 ನಿಮಿಷ ಸಾಕು. ಜಿರ್ಕೋನಿಯಂ-89 ಆದರೆ ಸುಮಾರು 78 ಗಂಟೆ. ತಿಂಗಳುಗಟ್ಟಲೆ ಉಳಿಯುವ ಜೆಲ್‌ಗೆ ಎರಡೂ ಸಾಲದು.

ತುಂಗಾತೀರ

ಅಂದರೆ ಅಯೋಡಿನ್ ಇರೋ ಜೆಲ್‌ಗೂ ಇದೇ ಅನುಮಾನ ಇದೆಯಾ?

ಪಾಲಿಮರ್‌ಪುಟ್ಟಿ

ಕಡಿಮೆ. ಅಲ್ಲಿ ಅಯೋಡಿನ್ ಬೆರೆಸಿದ್ದಲ್ಲ, ಪಾಲಿಮರ್‌ಗೆ ಕಟ್ಟಿದ್ದು. ಬಲೆ ಬಿಡುವ ತನಕ ಅದೂ ಬಿಡಬಾರದು. ಕಲಸಿದ್ದಾ, ಕಟ್ಟಿದ್ದಾ ಎಂದು ನಾನು ಯಾವ ಪೇಪರ್ ಓದಿದರೂ ಮೊದಲು ನೋಡುತ್ತೇನೆ.

ಲೋಹದ ಗುರುತು, ವಿಕಿರಣದ ಗುರುತು ಬೇಡ ಎನ್ನುವ ದಾರಿಯೂ ಇದೆ. ಸೆಸ್ಟ್ ಎಂಬ ಎಂಆರ್‌ಐ ವಿಧಾನ. ಪಾಲಿಮರ್‌ನಲ್ಲಿ ಕೆಲವು ಹೈಡ್ರೋಜನ್‌ಗಳು ಸುತ್ತಲಿನ ನೀರಿನ ಹೈಡ್ರೋಜನ್ ಜೊತೆ ಸದಾ ಜಾಗ ಅದಲುಬದಲು ಮಾಡುತ್ತಿರುತ್ತವೆ. ರೇಡಿಯೋ ಅಲೆಯಿಂದ ಆ ಕೆಲವನ್ನು ಮಾತ್ರ ಸುಮ್ಮನಾಗಿಸಿದರೆ, ಅವು ನೀರಿಗೆ ಹೋದಾಗ ನೀರಿನ ಸಿಗ್ನಲ್ಲೂ ತುಸು ಇಳಿಯುತ್ತದೆ. ಆ ಇಳಿತ ಎಲ್ಲಿದೆಯೋ ಅಲ್ಲಿ ಆ ರಸಾಯನ ಇದೆ ಎಂದರ್ಥ. ಜಾನ್ಸ್ ಹಾಪ್ಕಿನ್ಸ್‌ನವರು 2013ರಲ್ಲಿ ಇದರಲ್ಲಿ ಚಂದದ ಕೆಲಸ ಮಾಡಿದರು. ಆಲ್ಜಿನೇಟ್ ಜೆಲ್‌ನ ಸಣ್ಣ ಗುಳಿಗೆಗಳಲ್ಲಿ ಲಿವರ್ ಕೋಶ ತುಂಬಿ ಇಲಿಗೆ ಹಾಕಿದರು. ಜೊತೆಗೆ ಆರ್ಜಿನಿನ್ ಎಂಬ ಅಮೈನೋ ಆಮ್ಲ ತುಂಬಿದ ಲೈಪೋಸೋಮ್‌ಗಳು, ಅಂದರೆ ಕೊಬ್ಬಿನ ಪುಟ್ಟ ಚೀಲಗಳು. ಕೋಶ ಸತ್ತರೆ ಗುಳಿಗೆಯೊಳಗೆ ಆಮ್ಲತೆ ಏರುತ್ತದೆ, ಅದಲುಬದಲು ನಿಧಾನವಾಗುತ್ತದೆ, ಸೆಸ್ಟ್ ಸಿಗ್ನಲ್ ಇಳಿಯುತ್ತದೆ. ಕೊಯ್ಯದೆಯೇ ಒಳಗಿನ ಕೋಶ ಬದುಕಿದೆಯಾ ಎಂದು ನೋಡಿದರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಓದಿದ ಅತ್ಯಂತ ಜಾಣ ಪ್ರಯೋಗ ಇದು. ಆದರೆ ಸಿಗ್ನಲ್ ತುಂಬಾ ಸಣ್ಣದು. ಉಸಿರಾಟಕ್ಕೆ ಅಲ್ಲಾಡುವ ಜಾಗದಲ್ಲಿ ಕಷ್ಟ.

ಕಣ್ಣುಡಾಕ್ಟ್ರು

ನಮ್ಮ ಕ್ಷೇತ್ರದ ಒಂದು ಹಳೇ ಕಥೆ ಹೇಳುತ್ತೇನೆ, ಇಲ್ಲಿಗೆ ಸರಿ ಹೊಂದುತ್ತೆ. ರೆಟಿನಾ ಕಳಚಿದಾಗ ಕಣ್ಣುಗುಡ್ಡೆಯ ಹೊರಗೋಡೆಗೆ ಒಂದು ಪಟ್ಟಿ ಹೊಲಿದು ಒಳಕ್ಕೆ ಒತ್ತುತ್ತೇವೆ. ಸಾಮಾನ್ಯವಾಗಿ ಸಿಲಿಕೋನ್ ಪಟ್ಟಿ. 1980ರ ದಶಕದಲ್ಲಿ ಮಿರಾಜೆಲ್ ಎಂಬ ಹೈಡ್ರೋಜೆಲ್ ಪಟ್ಟಿ ಬಂತು. ಮೆತ್ತಗಿದೆ, ಒಳ್ಳೆಯದು ಎಂದು ತುಂಬಾ ಜನ ಬಳಸಿದರು. ವರ್ಷಗಳು ಕಳೆದಂತೆ ಅದರ ರಸಾಯನ ಬದಲಾಗಿ ನೀರು ಕುಡಿಯುತ್ತಾ ಹೋಯಿತು. ಉಬ್ಬಿತು. ಕಣ್ಣು ಒಂದು ಕಡೆ ತಳ್ಳಿದ ಹಾಗೆ, ಎರಡೆರಡು ಕಾಣೋದು, ರೆಪ್ಪೆ ಕೆಳಗೆ ಗಂಟು. 90ರ ದಶಕದಲ್ಲಿ ತಯಾರಿಕೆ ನಿಲ್ಲಿಸಿದರು. ಆದರೆ ಹಾಕಿಸಿಕೊಂಡವರ ಕಣ್ಣಲ್ಲಿ ಅದು ಇದ್ದೇ ಇತ್ತು.

ಆಮೇಲೆ ಆಗಿದ್ದು ನೋಡಿ. ಹತ್ತಿಪ್ಪತ್ತು ವರ್ಷದ ನಂತರ ಪೇಷಂಟ್ ಬೇರೆ ಊರಿನ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಹಳೇ ಆಪರೇಷನ್ ವಿಷಯ ಹೇಳಲು ಮರೆತಿರುತ್ತಾರೆ. ಎಂಆರ್‌ಐನಲ್ಲಿ ಕಣ್ಣಿನ ಸುತ್ತ ಬೆಳ್ಳನೆ ಉಬ್ಬು ಕಾಣುತ್ತದೆ. ಗಡ್ಡೆ ಇರಬಹುದು, ಕೀವು ಇರಬಹುದು ಎಂಬ ಅನುಮಾನ ಶುರು. ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ತೆಗೆಯಲು ಹೋದರೆ ಪಟ್ಟಿ ಚೂರುಚೂರಾಗುತ್ತದೆ, ಅದು ಇನ್ನೊಂದು ತಲೆನೋವು. ಕಣ್ಣನ್ನು ಬಳಸಿಕೊಂಡು ಬಂದ ಆಕಾರ ನೋಡಿದರೆ, ಹಳೇ ಪಟ್ಟಿ ಎಂದು ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತದೆ. ಗೊತ್ತಿಲ್ಲದವರಿಗೆ ಅದೊಂದು ಬಿಳಿ ಗಡ್ಡೆ.

ರಾತ್ರಿಪಾಳಿ ರೇಡಿಯಾಲಜಿ

ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು. ನಮಗೆ ಸ್ಕ್ರೀನ್ ಮೇಲೆ ಕಾಣೋದು ನೀರು. ನೀರಿನ ಗುಳ್ಳೆ, ಕೀವು, ಮೂತ್ರ, ಜೆಲ್, ಎಲ್ಲವೂ ಟಿ2ನಲ್ಲಿ ಬೆಳ್ಳಗೇ. ಚೀನಾದಲ್ಲಿ ಸ್ತನ ದೊಡ್ಡದು ಮಾಡಲು ಪಾಲಿಅಕ್ರಿಲಮೈಡ್ ಜೆಲ್ ಚುಚ್ಚುತ್ತಿದ್ದರು. 2006ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ಜೆಲ್ ಎದೆಯ ಸ್ನಾಯುವಿನೊಳಗೂ ಹರಿದು ಹೋಗಿರುತ್ತದೆ. ತೆಗೆಯುವ ಮುಂಚೆ ಎಲ್ಲೆಲ್ಲಿ ಇದೆ ಎಂದು ನಕ್ಷೆ ಮಾಡಲು ಎಂಆರ್‌ಐಗಿಂತ ಒಳ್ಳೆಯದಿಲ್ಲ. ಆದರೆ ಅದಕ್ಕೂ ಮೊದಲು ಆಕೆ "ಇಂಥದ್ದು ಹಾಕಿಸಿಕೊಂಡಿದ್ದೆ" ಎಂದು ಹೇಳಬೇಕು.

ನಮಗೆ ಬರುವ ಚೀಟಿಯಲ್ಲಿ "ಹೊಟ್ಟೆ ನೋವು" ಎಂದಷ್ಟೇ ಬರೆದು ಕಳಿಸುತ್ತಾರೆ. ರಾತ್ರಿ ಎರಡು ಗಂಟೆಗೆ ನಾನು ಪತ್ತೇದಾರಿ ಮಾಡಬೇಕು.

ಕನ್ನಡಿ

ಮುಖಕ್ಕೆ ಹಾಕಿಸೋ ಫಿಲ್ಲರ್ ಕೂಡ ಜೆಲ್ಲೇ ಅಲ್ವಾ? ವರ್ಷಕ್ಕೆ ಕರಗುತ್ತೆ ಎಂದು ಹೇಳಿ ಹಾಕಿದ್ದರು.

ರಾತ್ರಿಪಾಳಿ ರೇಡಿಯಾಲಜಿ

ಹೌದು, ಹೈಲುರಾನಿಕ್ ಆಸಿಡ್ ಜೆಲ್. ಎಂಆರ್‌ಐ ಮಾಡಿದವರಿಗೆ ಕೆನ್ನೆಯಲ್ಲಿ ಹಲವು ವರ್ಷದ ನಂತರವೂ ಅದು ಕಂಡಿದೆ. ಉಬ್ಬು ಇಳಿಯಿತು ಎಂದ ಮಾತ್ರಕ್ಕೆ ಪೂರ್ತಿ ಹೋಯಿತು ಎಂದಲ್ಲ. ಮತ್ತೆ ಹಾಕಿಸುವ ಮುಂಚೆ ಅಲ್ಟ್ರಾಸೌಂಡ್ ಮಾಡಿಸಿದರೆ ಹಳೆಯದು ಎಲ್ಲಿದೆ ಎಂದು ತಿಳಿಯುತ್ತದೆ. ರಕ್ತನಾಳ ಎಲ್ಲಿದೆ ಅನ್ನೋದೂ.

ಇಬ್ಬರಮ್ಮ

ಇದನ್ನೆಲ್ಲ ಓದಿ ಈಗ ಭಯ ಶುರುವಾಯ್ತು. ನೀರಲ್ಲಿ ಹಾಕಿದರೆ ಗೋಲಿ ಗಾತ್ರಕ್ಕೆ ಉಬ್ಬುವ ಬಣ್ಣಬಣ್ಣದ ಮಣಿ ಇದೆಯಲ್ಲ, ಹೂದಾನಿಗೆ ಹಾಕೋದು. ಮನೆಯಲ್ಲಿ ಒಂದು ಪ್ಯಾಕೆಟ್ ಇದೆ. ಚಿಕ್ಕವನಿಗೆ ಎರಡು ವರ್ಷ. ಅಕಸ್ಮಾತ್ ನುಂಗಿದರೆ ಎಕ್ಸ್‌ರೇಯಲ್ಲಿ ಕಾಣಲ್ಲ ಅಂತಲಾ?

ರಾತ್ರಿಪಾಳಿ ರೇಡಿಯಾಲಜಿ

ಅಕ್ಕಾ, ಮೊದಲು ಆ ಪ್ಯಾಕೆಟ್ ಮನೆಯಿಂದ ಆಚೆ ಹಾಕಿ. ಆಮೇಲೆ ಮುಂದೆ ಓದಿ.

ಅದು ಹೈಡ್ರೋಜೆಲ್ಲೇ. ಒಣಗಿದ್ದಾಗ ಸಾಸಿವೆ, ಸಬ್ಬಕ್ಕಿ ಗಾತ್ರ. ಮಗು ನುಂಗಿದ್ದು ಯಾರಿಗೂ ಗೊತ್ತಾಗಲ್ಲ. ಕರುಳಿನಲ್ಲಿ ನೀರು ಹೀರಿ ಉಬ್ಬುತ್ತದೆ, ದಾರಿ ಕಟ್ಟುತ್ತದೆ. ವಾಂತಿ, ಹೊಟ್ಟೆ ಉಬ್ಬರ ಶುರುವಾಗೋದು ಆಮೇಲೆ. ಎಕ್ಸ್‌ರೇಯಲ್ಲಿ ಮಣಿ ಕಾಣುವುದಿಲ್ಲ. ತುಂಬಾ ಆದರೆ ಕರುಳು ಕಟ್ಟಿಕೊಂಡ ಲಕ್ಷಣ ಕಾಣಬಹುದು. "ಎಕ್ಸ್‌ರೇ ನಾರ್ಮಲ್" ಎಂದರೆ ಮಣಿ ಇಲ್ಲ ಎಂದರ್ಥವಲ್ಲ.

ಅಲ್ಟ್ರಾಸೌಂಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಳಗೆ ಕಪ್ಪಗೆ, ಅಂಚು ದುಂಡಗೆ ಚೊಕ್ಕವಾಗಿ, ಹಿಂದೆ ನೆರಳು ಬೀಳದ ಗುಂಡು ಕಾಣುತ್ತದೆ. ಕಲ್ಲಾಗಿದ್ದರೆ ನೆರಳು ಬೀಳುತ್ತಿತ್ತು. ಆದರೆ ನೋಡುವವರಿಗೆ ಯಾವುದನ್ನು ಹುಡುಕಬೇಕು ಎಂದು ಗೊತ್ತಿರಬೇಕು, ಇಲ್ಲವಾದರೆ ಕರುಳಿನ ನೀರು ಎಂದು ದಾಟಿ ಹೋಗುತ್ತಾರೆ. ಮಗು ನುಂಗಿದ ಅನುಮಾನ ಇದ್ದರೂ ವಾಂತಿ ಬರಲಿ ಎಂದು ಕಾಯಬೇಡಿ. ನೇರ ಆಸ್ಪತ್ರೆಗೆ. ಆ ಪ್ಯಾಕೆಟ್ ಅಥವಾ ಒಂದು ಮಣಿ ಜೊತೆಗೆ ಒಯ್ದು ತೋರಿಸಿ.

ಇಬ್ಬರಮ್ಮ

ಹಾಕಿಬಿಟ್ಟೆ. ಹೂದಾನಿಯಲ್ಲಿದ್ದದ್ದೂ ಹೋಯಿತು. ದೊಡ್ಡವಳು ಮುನಿಸಿಕೊಂಡಿದ್ದಾಳೆ, ಮುನಿಸಿಕೊಳ್ಳಲಿ.

ತುಂಗಾತೀರ

ನನ್ನ ಎರಡನೇ ಪ್ರಶ್ನೆ ಉಳಿದಿದೆ. ಅಪ್ಪನ ಜೆಲ್ ಸರಿಯಾದ ಜಾಗದಲ್ಲಿ ಕೂತಿಲ್ಲ ಎಂದಾದರೆ? ಮತ್ತೆ ಅದು ಕರಗಿ ಹೋಯಿತು ಎಂದು ಯಾವಾಗ ನೋಡುತ್ತಾರೆ?

ಕಿರಣಲೆಕ್ಕ

ಹಾಕುವಾಗಲೇ ಒಂದು ಕಣ್ಣು ಇರುತ್ತದೆ. ಗುದನಾಳದಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು, ವೃಷಣದ ಹಿಂದಿನ ಚರ್ಮದ ಮೂಲಕ ಸೂಜಿ ಹಾಕುತ್ತಾರೆ. ಮೊದಲು ಸ್ವಲ್ಪ ಸಲೈನ್ ಬಿಟ್ಟು ಪದರ ಬಿಡಿಸಿಕೊಳ್ಳುತ್ತಾರೆ. ಸಲೈನ್ ಸರಿಯಾದ ಕಡೆ ಹರಡಿತು ಎಂದು ಕಂಡ ಮೇಲೇ ಜೆಲ್. ಎರಡು ದ್ರವ ಸೂಜಿಯ ಬಾಯಲ್ಲಿ ಸೇರಿ, ಒಳಗೆ ಹೋಗಿ ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ಒಟ್ಟು 10 ಎಂಎಲ್ ಆಸುಪಾಸು. ಗಟ್ಟಿಯಾದ ಮೇಲೆ ವಾಪಸ್ ಎಳೆಯೋಕೆ ಆಗಲ್ಲ, ಅದಕ್ಕೇ ಸಲೈನ್ ಪರೀಕ್ಷೆ.

ಆಮೇಲಿನ ಎಂಆರ್‌ಐನಲ್ಲಿ ಮೂರು ವಿಷಯ ನೋಡುತ್ತೇವೆ. ಜೆಲ್ ಎಡ ಬಲ ಸಮನಾಗಿ ಇದೆಯಾ. ಪ್ರಾಸ್ಟೇಟ್‌ನ ಮೇಲಿನ ತುದಿಯಿಂದ ಕೆಳಗಿನ ತುದಿವರೆಗೂ ಬಂದಿದೆಯಾ. ಮುಖ್ಯವಾಗಿ, ಗುದನಾಳದ ಗೋಡೆಯೊಳಗೆ ಜೆಲ್ ಹೊಕ್ಕಿದೆಯಾ. ಕೊನೆಯದು ಅಪರೂಪ, ಆದರೆ ಸಿಟಿಯಲ್ಲಿ ಅದನ್ನು ಹಿಡಿಯೋದು ಕಷ್ಟ. ಎಂಆರ್‌ಐನಲ್ಲಿ ಗೋಡೆಯ ಕಪ್ಪು ಗೆರೆ ಎಲ್ಲಿ ತುಂಡಾಗಿದೆ ಎಂದು ಕಾಣುತ್ತದೆ. ಹಾಗೇನಾದರೂ ಕಂಡರೆ ರೇಡಿಯೇಷನ್ ಶುರು ಮಾಡಬೇಕೋ ಕಾಯಬೇಕೋ ಎಂದು ಡಾಕ್ಟರ್ ತೀರ್ಮಾನಿಸುತ್ತಾರೆ. ನನ್ನನ್ನು ಕೇಳಿದರೆ ಎರಡನೇ ಸ್ಕ್ಯಾನ್‌ನ ದುಡ್ಡು ಇದೊಂದಕ್ಕೇ ಸಾರ್ಥಕ. ಖರ್ಚೆಷ್ಟು ಅವರು ಒಪ್ಪದಿದ್ದರೂ ಪರವಾಗಿಲ್ಲ.

ಕರಗುವ ವಿಷಯ: ಸುಮಾರು ಮೂರು ತಿಂಗಳು ಆಕಾರ ಹಿಡಿದು ನಿಲ್ಲುತ್ತದೆ. ಚಿಕಿತ್ಸೆ ಮುಗಿಯಲು ಅಷ್ಟು ಸಾಕು. ಆಮೇಲೆ ನೀರಿನಿಂದಲೇ ಪಾಲಿಮರ್‌ನ ಕೊಂಡಿಗಳು ಬಿಚ್ಚಿಕೊಂಡು ದ್ರವವಾಗಿ, ಕಿಡ್ನಿ ಮೂಲಕ ಹೊರಗೆ ಹೋಗುತ್ತದೆ. ಆರು ತಿಂಗಳ ಹೊತ್ತಿಗೆ ಬಹುತೇಕ ಇರುವುದಿಲ್ಲ. ಅದಕ್ಕೆಂದೇ ಸ್ಕ್ಯಾನ್ ಮಾಡಿ ನೋಡುವ ರೂಢಿ ಇಲ್ಲ. ಆದರೆ ಈ ನಡುವೆ ಬೇರೆ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಆದರೆ ಜೆಲ್ ಇದೆ ಎಂದು ಖಂಡಿತ ಹೇಳಿ.

ಖರ್ಚೆಷ್ಟು

ಒಪ್ಪಿದೆ ಸ್ವಾಮಿ. ಗೋಡೆಯೊಳಗೆ ಹೊಕ್ಕಿದ್ದು ಸಿಟಿಯಲ್ಲಿ ಸಿಗಲ್ಲ ಎಂದು ಮೊದಲೇ ಹೇಳಿದ್ದರೆ ಇಷ್ಟು ವಾದವೇ ಇರ್ತಿರಲಿಲ್ಲ.

ಹೇಮಾವತಿ ದಂಡೆ

ತಡವಾಗಿ ಬಂದೆ. ಅಮ್ಮನಿಗೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತಿತ್ತು. ಅದಕ್ಕೆ ಬಲ್ಕಾಮಿಡ್ ಎಂಬ ಜೆಲ್ ಹಾಕಿಸಿದ್ದೆವು. ಈಗ ಬೇರೆ ಊರಿನಲ್ಲಿ ಬೇರೆ ಕಾರಣಕ್ಕೆ ಎಂಆರ್‌ಐ ಮಾಡಿಸಿದರೆ ಮೂತ್ರ ಹೊರಬರುವ ನಾಳದ ಪಕ್ಕ ನೀರಿನ ಚೀಲದಂಥದ್ದು ಇದೆ, ಡೈವರ್ಟಿಕ್ಯುಲಂ (ನಾಳದ ಗೋಡೆ ಹೊರಕ್ಕೆ ಚೀಲದಂತೆ ಉಬ್ಬಿದ್ದು) ಇರಬಹುದು ಎಂದು ರಿಪೋರ್ಟ್ ಬಂದಿದೆ. ಆಪರೇಷನ್ ಬಗ್ಗೆ ಮಾತಾಡುತ್ತಿದ್ದಾರೆ. ಇದು ಆ ಜೆಲ್ಲೇ ಇರಬಹುದಾ?

ರಾತ್ರಿಪಾಳಿ ರೇಡಿಯಾಲಜಿ

ಇರಬಹುದು. ಚಿತ್ರ ನೋಡದೆ ಹೌದು ಎನ್ನಲಾರೆ. ಬಲ್ಕಾಮಿಡ್‌ನಲ್ಲಿ ಶೇ. 97.5 ನೀರು, ಶೇ. 2.5 ಪಾಲಿಅಕ್ರಿಲಮೈಡ್. ಇದು ಸ್ಪೇಸರ್ ಥರ ಕರಗುವುದಿಲ್ಲ, ಅಲ್ಲೇ ಉಳಿಯಲೆಂದೇ ಹಾಕೋದು. ಡೈವರ್ಟಿಕ್ಯುಲಂ ಎಂದು ತಪ್ಪು ತಿಳಿಯೋದು ಗೊತ್ತಿರುವ ಸಮಸ್ಯೆ. ಸಾಮಾನ್ಯವಾಗಿ ನಾಳದ ಸುತ್ತ ಮೂರು ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಹಾಕಿರುತ್ತಾರೆ. ಹಾಗೆ ಸುತ್ತಲೂ ಬೇರೆ ಬೇರೆ ಉಬ್ಬು ಕಂಡರೆ ಜೆಲ್ ಎನ್ನುವ ಕಡೆ ವಾಲುತ್ತದೆ. ನಾಳದ ಒಳಗಿಗೆ ಬಾಯಿ ತೆರೆದಿದ್ದರೆ ಡೈವರ್ಟಿಕ್ಯುಲಂ ಕಡೆ.

ರಿಪೋರ್ಟ್ ಕೊಟ್ಟವರಿಗೆ ಜೆಲ್ ವಿಷಯ ಗೊತ್ತಿತ್ತಾ?

ಹೇಮಾವತಿ ದಂಡೆ

ಇಲ್ಲ. ಅಮ್ಮ ಹೇಳಿಲ್ಲ. ಅದು ಇಂಜೆಕ್ಷನ್, ಆಪರೇಷನ್ ಅಲ್ಲ ಎಂದುಕೊಂಡಿದ್ದರು.

ರಾತ್ರಿಪಾಳಿ ರೇಡಿಯಾಲಜಿ

ಹಾಗಾದರೆ ಆಪರೇಷನ್ ದಿನಾಂಕ ಗೊತ್ತು ಮಾಡುವ ಮುಂಚೆ ಮೊದಲಿನ ಆಸ್ಪತ್ರೆಯಿಂದ ಅವತ್ತಿನ ನೋಟ್ ತರಿಸಿ. ಎಷ್ಟು ಎಂಎಲ್, ಎಷ್ಟು ಕಡೆ ಎಂದು ಅದರಲ್ಲಿ ಇರುತ್ತದೆ. ಅದನ್ನೂ ಸಿಡಿಯನ್ನೂ ಅದೇ ರೇಡಿಯಾಲಜಿಸ್ಟ್ ಕೈಗೆ ಕೊಟ್ಟು, ಇನ್ನೊಮ್ಮೆ ನೋಡಿ ಎಂದು ಕೇಳಿ. ಬೇಜಾರು ಮಾಡಿಕೊಳ್ಳಲ್ಲ, ನಾವು ದಿನಾ ಮಾಡೋ ಕೆಲಸ ಅದು.